ಮೊಳೆಯ ತಲೆಗೇ ನೂಲು: ಓಸ್ನ್ಯಾಪ್ ಹಿಡಿತಕ್ಕೆ ಏಳು ಸೂತ್ರಗಳು

ಕೇರಳದ ಬಾಯಾರಿನ ಗುಡ್ಡದಲ್ಲಿ ಮನೆಗೆ ಪಾಯದ ಗುರುತು ಹಾಕುವ ಮೇಸ್ತ್ರಿಯನ್ನು ನೋಡಿ. ಗೂಟ ಹೊಡೆದು ಅಲ್ಲಿಗೇ ಬಿಡುವುದಿಲ್ಲ. ಗೂಟದ ತಲೆಗೊಂದು ಮೊಳೆ ಬಡಿದು, ನೂಲನ್ನು ಆ ಮೊಳೆಗೇ ಕಟ್ಟುತ್ತಾರೆ. ಗೂಟ ಎರಡಿಂಚು ದಪ್ಪ, ಮೊಳೆ ಒಂದೇ ಬಿಂದು. ಆಟೋಕ್ಯಾಡ್‌ನ ಆಬ್ಜೆಕ್ಟ್ ಸ್ನ್ಯಾಪ್ (ಓಸ್ನ್ಯಾಪ್) ಮಾಡುವುದೂ ಮೊಳೆಯ ಕೆಲಸವನ್ನೇ. ಡ್ರಾಫ್ಟಿಂಗ್ ಕಲಿಯುವ ಮಕ್ಕಳಿಗೆ ನಾನು ಗೆರೆ ಎಳೆಯುವುದಕ್ಕಿಂತ ಮೊದಲು ಹೇಳಿಕೊಡುವುದು ಇದನ್ನೇ.

1. ಓಸ್ನ್ಯಾಪಿನ ಕೀ ಎಫ್3, ಅದು ಸದಾ ಆನ್ ಇರಲಿ. ಎಫ್9 ಬೇರೆ, ಅದು ಗ್ರಿಡ್ಡಿನ ಸ್ನ್ಯಾಪ್. ಕರ್ಸರ್ ಕುಪ್ಪಳಿಸುತ್ತಿದ್ದರೆ ಎಫ್9 ಒತ್ತಿಹೋಗಿದೆ ಎಂದೇ ಅರ್ಥ.

2. ಓಸ್ನ್ಯಾಪ್ ಪಟ್ಟಿಯಲ್ಲಿರುವ ಎಲ್ಲದಕ್ಕೂ ಟಿಕ್ ಹಾಕಬೇಡಿ. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಇಂಟರ್‌ಸೆಕ್ಷನ್, ಸೆಂಟರ್ ಈ ನಾಲ್ಕು ಮನೆಯ ಪ್ಲಾನಿಗೆ ಧಾರಾಳ ಸಾಕು. ನಿಯರೆಸ್ಟನ್ನಂತೂ ಕಾಯಂ ಇಡಲೇಬೇಡಿ. ಗೆರೆಯ ಮೇಲೆ ಎಲ್ಲಿ ಸಿಕ್ಕಿದರೆ ಅಲ್ಲಿ ಅದು ಹಿಡಿಯುತ್ತದೆ, ಮೂಲೆ ಸಿಕ್ಕಿತೆಂದು ನಾವು ನಂಬಿರುತ್ತೇವೆ. ಬೇರೆ ಸ್ನ್ಯಾಪ್ ಬೇಕಾದಾಗ ಶಿಫ್ಟ್ ಒತ್ತಿ ಬಲಕ್ಲಿಕ್ ಮಾಡಿ. ಆ ಒಂದು ಕ್ಲಿಕ್ಕಿಗೆ ಮಾತ್ರ ಅದು ಅನ್ವಯಿಸುತ್ತದೆ.

3. ಗುರುತು ನೋಡದೆ ಕ್ಲಿಕ್ ಬೇಡ. ಚೌಕ ಬಂದರೆ ಗೆರೆಯ ತುದಿ, ತ್ರಿಕೋನ ಬಂದರೆ ನಡು, ಗುಣಿಸು ಚಿಹ್ನೆ ಬಂದರೆ ಗೆರೆಗಳು ಕೂಡುವ ಜಾಗ. ಗೋಡೆ, ಕಂಬ, ಕಿಟಕಿ ಒತ್ತೊತ್ತಾಗಿ ಇರುವಲ್ಲಿ ಟ್ಯಾಬ್ ಒತ್ತುತ್ತ ಹೋದರೆ ಸುತ್ತಲಿನ ಬಿಂದುಗಳು ಒಂದೊಂದಾಗಿ ಸರದಿಯಲ್ಲಿ ಬರುತ್ತವೆ. 1963ರಲ್ಲಿ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ರೂಪಿಸಿದ ಡ್ರಾಯಿಂಗ್ ಪ್ರೋಗ್ರಾಮ್ ಸ್ಕೆಚ್‌ಪ್ಯಾಡ್‌ನಲ್ಲೇ ಸ್ನ್ಯಾಪಿನ ಈ ಸೆಳೆತ ಇತ್ತು: ಬೆಳಕಿನ ಪೆನ್ನು ಗೆರೆಯ ಹತ್ತಿರ ಬಂದರೆ ಸಾಕು, ಬಿಂದು ಗೆರೆಗೇ ಅಂಟುತ್ತಿತ್ತು. ಆಟೋಕ್ಯಾಡ್ ಬಂದದ್ದು 1982ರಲ್ಲಿ.

4. ರಸ್ತೆಯ ಅಂಚಿನಿಂದ ಗೋಡೆಗಿರುವ ದೂರಕ್ಕೆ ಪರ್ಪೆಂಡಿಕ್ಯುಲರ್. ಪಂಚಾಯತಿಗೆ ಕೊಡುವ ಪ್ಲಾನಿನಲ್ಲಿ 3 ಮೀಟರ್ ಎಂದು ಬರೆದರೆ ಅದು ನೇರ ಲಂಬದ ಅಳತೆ. ನಮ್ಮ ಕಡೆಯ ರಸ್ತೆಗಳು ಗುಡ್ಡ ಸುತ್ತಿಕೊಂಡು ಹೋಗುತ್ತವೆ. ಗೋಡೆಯ ಮೂಲೆಯಿಂದ ಓರೆಯಾಗಿ ಅಳೆದರೆ ಕಾಗದದಲ್ಲಿ ಮೂರು ಮೀಟರ್, ಜಾಗದಲ್ಲಿ ಅದಕ್ಕಿಂತ ಕಡಿಮೆ.

5. ಬಾಗಿಲಿಗೆ ಅಂದಾಜು ಬೇಡ, 'ಫ್ರಮ್' ಇದೆ. ಲೈನ್ ಕಮಾಂಡಿನಲ್ಲಿ ಫ್ರಮ್ ಎಂದು ಟೈಪ್ ಮಾಡಿ, ಕೋಣೆಯ ಒಳಮೂಲೆ ಹಿಡಿದು, @15,0 ಕೊಡಿ. ಸೆಂಟಿಮೀಟರಿನಲ್ಲಿ ಬರೆಯುತ್ತಿದ್ದರೆ ಮೂಲೆಯಿಂದ ಸರಿಯಾಗಿ 15 ಸೆಂ.ಮೀ. ಬಿಟ್ಟು ಗೆರೆ ಶುರುವಾಗುತ್ತದೆ.

6. ಸರ್ವೆ ಡ್ರಾಯಿಂಗ್ ಬಂದರೆ ಮೊದಲು ಎತ್ತರ ನೋಡಿ. ಬಾಯಾರಿನಲ್ಲಿ ಸಮತಟ್ಟು ಜಾಗ ಸಿಗುವುದೇ ಅಪರೂಪ. ಇಲ್ಲಿಯ ಗುಡ್ಡಗಳನ್ನು ಅಡ್ಡ ಕೊರೆದೇ ಹಿರಿಯರು ಸುರಂಗದ ನೀರು ತಂದದ್ದು. ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದ ಬಿಂದುಗಳಿಗೆ ಎತ್ತರವೂ ಸೇರಿರುತ್ತದೆ, ಸ್ನ್ಯಾಪ್ ಆ ಎತ್ತರವನ್ನೂ ಹಿಡಿದುಬಿಡುತ್ತದೆ. ಅಡ್ಡಕ್ಕೆ 20 ಮೀಟರ್ ಇರುವ ಗಡಿ 5 ಮೀಟರ್ ಏರಿದರೆ ಗೆರೆಯ ಉದ್ದ 20.62 ಆಗುತ್ತದೆ. ಆರಂಭದಲ್ಲಿ ನಾನೇ ಹೀಗೆ ಒಂದು ಜಾಗದ ಗಡಿ ಎಳೆದು, ಅಳತೆ ಯಾಕೆ ಕೂಡುವುದಿಲ್ಲವೆಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಪರದೆಯಲ್ಲಿ ಮೇಲಿನಿಂದ ನೋಡಿದರೆ ಏನೂ ತಪ್ಪು ಕಾಣುವುದಿಲ್ಲ, ಅದೇ ಕಷ್ಟ. ಓಸ್ನ್ಯಾಪ್‌ಝಡ್ ಎಂಬ ವೇರಿಯೇಬಲನ್ನು 1ಕ್ಕೆ ಇಟ್ಟು, ಎಲಿವೇಶನನ್ನು ಸೊನ್ನೆಯಲ್ಲಿರಿಸಿ. ಮತ್ತೆ ನೋಡ್ ಸ್ನ್ಯಾಪಿನಿಂದ ಬಿಂದುಗಳನ್ನು ಧೈರ್ಯವಾಗಿ ಕೂಡಿಸಿ.

7. ಡೈಮೆನ್ಷನ್ ಹಾಕುವ ಮೊದಲು ಕರ್ಣ ಅಳೆಯಿರಿ. ವಾಸ್ತುವಿನ ಸುತ್ತಳತೆ ಕೋಲು, ಅಂಗುಲಗಳಲ್ಲಿ ಬರುತ್ತದೆ. ಕೇರಳದ ಲೆಕ್ಕದಲ್ಲಿ ಕೋಲಿಗೆ 72 ಸೆಂ.ಮೀ., ಅಂಗುಲಕ್ಕೆ 3. ಮನೆಯವರು ಆ ಲೆಕ್ಕವನ್ನು ನಂಬಿ ಪ್ಲಾನು ನಮ್ಮ ಕೈಗೆ ಕೊಟ್ಟಿರುತ್ತಾರೆ, ಅದು ತಪ್ಪಬಾರದು. ಯೂನಿಟ್ಸ್‌ನಲ್ಲಿ ನಿಖರತೆಯನ್ನು ನಾಲ್ಕು ದಶಾಂಶ ಸ್ಥಾನಕ್ಕೆ ಏರಿಸಿ. 300ಕ್ಕೆ 400 ಸೆಂ.ಮೀ. ಕೋಣೆಯಾದರೆ ಎರಡೂ ಕರ್ಣ 500.0000 ಬರಬೇಕು. ಎರಡೇ ದಶಾಂಶ ಇಟ್ಟುಕೊಂಡರೆ 499.9987 ಕೂಡ 500.00 ಎಂದೇ ಕಾಣುತ್ತದೆ. ಹಾಗೆ ಬಂದಿದ್ದರೆ ಎಲ್ಲೋ ಒಂದು ಮೂಲೆ ಕಣ್ಣಂದಾಜಿನಲ್ಲಿ ಕ್ಲಿಕ್ ಆಗಿದೆ. ಝೂಮ್ ಮಾಡಿ ನಾಲ್ಕೂ ಮೂಲೆ ನೋಡಿ. ಬಿರುಕು ಸಿಕ್ಕಿದಲ್ಲಿ ಗೆರೆಯ ತುದಿಯನ್ನು ಎಳೆದು, ಚೌಕದ ಗುರುತು ಬಂದ ಮೇಲೆ ಬಿಡಿ.