ನಂಬಿಕೆಯಿದ್ದರೂ ಬರೆದಿಡಿ

"ನಮ್ಮವರೇ ಅಲ್ಲವೇ, ಬರೆದುಕೊಳ್ಳುವುದೇಕೆ?" ಅಂಗಡಿ ಬಾಡಿಗೆಗೆ ಹಿಡಿಯುವಾಗ, ಭಾವನೊಂದಿಗೆ ಪಾಲುದಾರಿಕೆ ಆರಂಭಿಸುವಾಗ, ಮನೆ ಕಟ್ಟಲು ಗುತ್ತಿಗೆ ಕೊಡುವಾಗ ನಮ್ಮಲ್ಲಿ ಕೇಳಿಬರುವ ಮಾತಿದು. ಕಾಗದ ಕೇಳಿದವನನ್ನು ಸಂಶಯಪಿಶಾಚಿಯೆಂದು ಭಾವಿಸಿ ಮುಖ ಸಿಂಡರಿಸುವವರೂ ಇದ್ದಾರೆ.

ಪ್ರಿಯ ಓದುಗರೇ, ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವ ವಿಷಯದ ಕುರಿತಾಗಿದೆಯೆಂದು ಯೋಚಿಸಿದ್ದೀರಾ? ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತವು ನಮಾಝಿನ ಕುರಿತಾಗಲಿ ಉಪವಾಸದ ಕುರಿತಾಗಲಿ ಅಲ್ಲ. ಅವಧಿಯಿಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಬರೆಯುವವನು ನ್ಯಾಯಪಾಲಿಸಬೇಕು, ತೀರಿಸಬೇಕಾದವನೇ ಹೇಳಿ ಬರೆಯಿಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಪಡಬಾರದು ಎಂದು ಅದು ಬೋಧಿಸುತ್ತದೆ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರಕ್ಕೆ ಮಾತ್ರ ಬರವಣಿಗೆಯಲ್ಲಿ ರಿಯಾಯಿತಿ ನೀಡಲಾಗಿದೆ. ಆದ್ದರಿಂದ ಬರೆದಿಡುವುದು ಅಪನಂಬಿಕೆಯ ಕುರುಹಲ್ಲ, ಅದು ವಿಶ್ವಾಸಿಯ ಶಿಸ್ತು.

ಇನ್ನು ದೇಶದ ಕಾನೂನು ಏನು ಹೇಳುತ್ತದೆಂದು ನೋಡೋಣ.

ಬಾಯಿಮಾತಿಗೆ ಬೆಲೆಯಿದೆಯೇ?

ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಬೇರೆ ಕಾನೂನು ಬರವಣಿಗೆಯನ್ನು ಕಡ್ಡಾಯಗೊಳಿಸದಿದ್ದರೆ, ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ ಬಾಯಿಮಾತಿನ ಕರಾರೂ ಸಿಂಧುವೇ. ಕಷ್ಟವಿರುವುದು ಅದನ್ನು ರುಜುವಾತುಪಡಿಸುವುದರಲ್ಲಿ. ಮಾತುಕೊಟ್ಟವನು ತೀರಿಕೊಂಡರೆ ಆತನ ಮಕ್ಕಳಿಗೆ ಏನೂ ತಿಳಿದಿರುವುದಿಲ್ಲ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ನೀವೂ ಹೇಳುತ್ತಿರುವುದಿಲ್ಲ. ಆದರೂ ಎರಡು ಮನೆಗಳ ನಡುವೆ ಸಲಾಮ್ ನಿಂತುಹೋಗುತ್ತದೆ.

ಅಂಗಡಿ ಬಾಡಿಗೆ

ಹನ್ನೊಂದು ತಿಂಗಳ ಕರಾರಿನ ರೂಢಿ ಎಲ್ಲೆಡೆ ಇದೆ. ಕಾರಣವೇನೆಂದರೆ, 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷವನ್ನು ಮೀರುವ ಬಾಡಿಗೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಐದು ವರ್ಷಕ್ಕೆಂದು ಛಾಪಾ ಕಾಗದದಲ್ಲಿ ಬರೆದು, ನೋಂದಾಯಿಸದೆ ಪೆಟ್ಟಿಗೆಯಲ್ಲಿಟ್ಟರೆ, ಆ ಪತ್ರದ ಬಲದಿಂದ ಐದು ವರ್ಷದ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸಲಾಗದು. ಲಕ್ಷಗಟ್ಟಲೆ ಸುರಿದು ಕಪಾಟು, ಶಟರು ಹಾಕಿಸುವವರು ಇದನ್ನು ಮೊದಲೇ ಗಮನಿಸಬೇಕು. ಬೇರೆ ಕರಾರಾಗಲಿ ಸ್ಥಳೀಯ ಕಾನೂನಾಗಲಿ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಅಂಗಡಿಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆಂದು ಪರಿಗಣಿಸಲಾಗುತ್ತದೆ. 15 ದಿನಗಳ ಲಿಖಿತ ನೋಟೀಸಿನಿಂದ ಅದನ್ನು ಕೊನೆಗೊಳಿಸಬಹುದು.

ಹಾಗೆಂದು ಮಾಲಕನು ರಾತ್ರೋರಾತ್ರಿ ಬೀಗ ಜಡಿಯುವಂತಿಲ್ಲ. ಕಾನೂನು ಕ್ರಮವಿಲ್ಲದೆ ಬಲವಂತವಾಗಿ ಹೊರಹಾಕಲ್ಪಟ್ಟವನು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಬಾಡಿಗೆದಾರನಿಗೂ ಒಂದು ಮಾತು: ಅವಧಿ ಮುಗಿದು ಮಾಲಕನು ತನ್ನ ಸೊತ್ತನ್ನು ಕೇಳುತ್ತಿರುವಾಗ, ಕೋರ್ಟು ಎಳೆಯುತ್ತದೆಂಬ ಧೈರ್ಯದಲ್ಲಿ ಕೂತಿರುವುದು ಜಾಣತನವಲ್ಲ. ಅದು ಪರರ ಹಕ್ಕಿನ ಕಬಳಿಕೆ.

ಪಾಲುದಾರಿಕೆ

ಭಾವನವರು ಎಂಟು ಲಕ್ಷ ಹಾಕಿದರು, ನೀವು ಎರಡು ಲಕ್ಷ ಹಾಕಿ ಅಂಗಡಿಯಲ್ಲಿ ಕೂತಿರಿ ಎಂದಿಟ್ಟುಕೊಳ್ಳಿ. ಲಾಭನಷ್ಟದ ಬಗ್ಗೆ ಏನನ್ನೂ ತೀರ್ಮಾನಿಸಿಕೊಳ್ಳದಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭವೂ ನಷ್ಟವೂ ಸಮಪಾಲು. ಆದರೆ ಇಸ್ಲಾಮೀ ಫಿಕ್ಹ್‌ನಲ್ಲಿ ನಷ್ಟವನ್ನು ಹಾಕಿದ ಬಂಡವಾಳದ ಪ್ರಮಾಣದಲ್ಲಿ ಹೊರಬೇಕು. ಹತ್ತು ಲಕ್ಷದಲ್ಲಿ ಐದು ಲಕ್ಷ ಮುಳುಗಿದರೆ, ಕಾನೂನಿನ ಲೆಕ್ಕದಲ್ಲಿ ನಿಮ್ಮ ಪಾಲಿನ ನಷ್ಟ ಎರಡೂವರೆ ಲಕ್ಷ. ಫಿಕ್ಹ್‌ನ ಲೆಕ್ಕದಲ್ಲಿ ಒಂದು ಲಕ್ಷ. ಈ ಅಂತರವನ್ನು ತಪ್ಪಿಸುವ ದಾರಿ ಒಂದೇ: ಶರೀಅತ್‌ಗೆ ಒಪ್ಪುವ ಪ್ರಮಾಣವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯುವುದು. ಬರೆದರೆ ಕಾನೂನೂ ಅದನ್ನೇ ಮನ್ನಿಸುತ್ತದೆ. ಪಾಲುದಾರಿಕೆಯನ್ನು ನೋಂದಾಯಿಸುವುದೂ ಒಳ್ಳೆಯದು. ನೋಂದಣಿಯಿಲ್ಲದ ಸಂಸ್ಥೆಯು ಕರಾರಿನಂತೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಸಾಧ್ಯವಿಲ್ಲ.

ಗುತ್ತಿಗೆ

ಚದರಡಿಗೆ ಇಷ್ಟೆಂದು ಮಾತಾಗಿರುತ್ತದೆ. ಕೆಲಸದ ನಡುವೆ ಮನೆಯವರು "ಇಲ್ಲೊಂದು ಕಪಾಟು, ಅಲ್ಲೊಂದು ಜಗಲಿ" ಎನ್ನುತ್ತಾರೆ. ಕೊನೆಗೆ ಲೆಕ್ಕದಲ್ಲಿ ಜಗಳ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ, ನ್ಯಾಯವಾಗಿ ಮಾಡಿಕೊಟ್ಟ ಹೆಚ್ಚುವರಿ ಕೆಲಸದ ಪ್ರಯೋಜನ ಪಡೆದವನು ಪರಿಹಾರ ಕೊಡಬೇಕೆಂದು ಕರಾರು ಕಾಯ್ದೆಯ 70ನೆಯ ಕಲಮು ಹೇಳುತ್ತದೆ. ಆದರೆ ಎಷ್ಟೆಂದು ತೀರ್ಮಾನಿಸಲು ವರ್ಷಗಳೇ ಹಿಡಿಯಬಹುದು. ಹೆಚ್ಚುವರಿ ಕೆಲಸವನ್ನು ಅಂದೇ ಒಂದು ಪುಸ್ತಕದಲ್ಲಿ ದರಸಹಿತ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಬಾಕಿಗಾಗಿ ಪಡೆದ ಚೆಕ್ಕು ಅಮಾನ್ಯವಾಗಿ ಮರಳಿದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. "ನಾಳೆ ಕೊಡುತ್ತೇನೆ" ಎಂಬ ಮಾತಿನಲ್ಲಿ ಈ ದಿನಗಳು ಕಳೆದುಹೋಗದಂತೆ ನೋಡಿಕೊಳ್ಳಿ.

ಮೂರು ವರ್ಷ ಕಳೆದರೆ ಸಾಲ ತೀರಿತೇ?

ಇದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. 1963ರ ಕಾಲಮಿತಿ ಕಾಯ್ದೆಯಂತೆ ಕೈಸಾಲ, ಮಾರಿದ ಸರಕಿನ ಬೆಲೆ, ಮಾಡಿದ ಕೆಲಸದ ಕೂಲಿ, ಬಾಡಿಗೆ ಬಾಕಿ ಇವುಗಳಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಅಂದಿನಿಂದ ಹೊಸ ಅವಧಿ ಆರಂಭವಾಗುತ್ತದೆ. ಅವಧಿ ಮೀರಿದರೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಆದರೆ ಅಲ್ಲಾಹನ ನ್ಯಾಯಾಲಯಕ್ಕೆ ಕಾಲಮಿತಿಯಿಲ್ಲ. ಸಾಲ ಬಿಟ್ಟುಹೋದ ಒಬ್ಬರ ಮಯ್ಯಿತನ್ನು ತಂದಾಗ ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ ಸಂಗಾತಿಗಳಿಗೆ ಬಿಟ್ಟುಕೊಟ್ಟರು. ಅಬೂ ಖತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ತಾವು ನಿರ್ವಹಿಸಿದರು. ಬುಖಾರಿಯಲ್ಲಿ ವರದಿಯಾಗಿರುವ ಈ ಘಟನೆಯಲ್ಲಿ ಆ ಸಾಲ ಕೇವಲ ಮೂರು ದೀನಾರ್ ಆಗಿತ್ತು.

ಆದ್ದರಿಂದ "ಮೂರು ವರ್ಷ ದಾಟಿತು, ಇನ್ನೇನು ಮಾಡಿಯಾನು" ಎಂದು ವಕೀಲರ ಬಾಯಿಂದ ಕೇಳಿ ಸಮಾಧಾನಪಡುವವರು ಕೊಂಚ ನಿಲ್ಲಲಿ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25ನೆಯ ಕಲಮು ಅದಕ್ಕೆ ಮತ್ತೆ ಜೀವ ಕೊಡುತ್ತದೆ. ಪಶ್ಚಾತ್ತಾಪಪಡುವವನಿಗೆ ದೇಶದ ಕಾನೂನೂ ಒಂದು ದಾರಿಯನ್ನು ತೆರೆದಿಟ್ಟಿದೆ.

ಇಂದು ಇಶಾ ನಮಾಝಿನ ಬಳಿಕ ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾವ ಅಂಗಡಿಗೆ ಎಷ್ಟು ಮುಂಗಡ ಕೊಟ್ಟಿದ್ದೀರಿ ಎಂಬುದನ್ನು ಬರೆದು ಮನೆಯವರಿಗೆ ತೋರಿಸಿ. ವಿವಾದದ ವಿಷಯವಿದ್ದರೆ ವಕೀಲರನ್ನೂ ವಿದ್ವಾಂಸರನ್ನೂ ಕೇಳಿ. ನಿಮ್ಮ ಬಳಿಕ ನಿಮ್ಮ ಮಕ್ಕಳು ಯಾರ ಮುಂದೆಯೂ ತಲೆತಗ್ಗಿಸದಿರಲು ಆ ಒಂದು ಹಾಳೆ ನೆರವಾದೀತು. ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧಗೊಳಿಸಲಿ. ಆಮೀನ್.