ಲಡಾಖ್ ಚಳಿಗೆ ಹೈದರಾಬಾದಿನ ಆಯಿಲ್ ಸಾಕೇ?

ಹೈದರಾಬಾದಿನ ಡಿಸೆಂಬರ್ ಚಳಿ ಇಂಜಿನ್ ಆಯಿಲ್‌ಗೆ ಲೆಕ್ಕಕ್ಕೇ ಇಲ್ಲ. ರಾತ್ರಿ ಉಷ್ಣಾಂಶ 10 ಡಿಗ್ರಿಗೆ ಇಳಿದರೂ ಇಲ್ಲಿ ಮಾರುವ ಆಯಿಲ್‌ಗಳು ಸಲೀಸಾಗಿ ಹರಿಯುತ್ತವೆ. ಚಳಿಗಾಲಕ್ಕೆಂದು ಬೇರೆ ಆಯಿಲ್ ಕೊಳ್ಳುವುದು ದುಡ್ಡು ದಂಡ. ಆದರೆ ಈ ಊರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಶ್ರೀನಗರ, ಅಲ್ಲಿಂದ ದ್ರಾಸ್, ಲೇಹ್‌ಗೆ ಚಳಿಗಾಲದಲ್ಲಿ ಹೊರಟವರ ಕಥೆ ಬೇರೆ. ದ್ರಾಸ್‌ನ ಜನವರಿ ರಾತ್ರಿಗಳಲ್ಲಿ ಮೈನಸ್ 20 ಹೊಸದೇನಲ್ಲ.

ಕೊಬ್ಬರಿ ಎಣ್ಣೆಯಂತೆ ಇಂಜಿನ್ ಆಯಿಲ್ ಕೂಡ ಚಳಿಗೆ ಮಂದವಾಗುತ್ತದೆ. ಇಂಜಿನ್ ತಿರುಗಿಸಲು ಸ್ಟಾರ್ಟರ್‌ಗೆ ಹೆಚ್ಚು ಬಲ ಬೇಕು; ಬ್ಯಾಟರಿಯೋ ಅದೇ ಚಳಿಗೆ ಸೊರಗಿರುತ್ತದೆ. ಹೇಗೋ ಸ್ಟಾರ್ಟ್ ಆದರೂ ಪಂಪು ಆಯಿಲ್ ಮೇಲೆತ್ತುವವರೆಗೆ ಬೇರಿಂಗ್‌ಗಳು ಸವೆಯುತ್ತವೆ.

ಮೊದಲು ಡಬ್ಬಿ ನೋಡಿ. ‘20ಡಬ್ಲ್ಯೂ-40’ ಎಂಬಲ್ಲಿ ಮೊದಲ ಅಂಕಿ ಚಳಿಯದ್ದು, ಎರಡನೆಯದು ಕಾದ ಇಂಜಿನ್ನಿನದ್ದು. ಎಸ್‌ಎಇ ಮಾನದಂಡದಲ್ಲಿ ಸ್ಟಾರ್ಟಿಂಗ್ ಪರೀಕ್ಷೆ 20ಡಬ್ಲ್ಯೂಗೆ ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯೂಗೆ ಮೈನಸ್ 20, 10ಡಬ್ಲ್ಯೂಗೆ ಮೈನಸ್ 25, 5ಡಬ್ಲ್ಯೂಗೆ ಮೈನಸ್ 30ರಲ್ಲಿ ನಡೆಯುತ್ತದೆ. ‘ತೆಳು ಆಯಿಲ್ ನಮ್ಮ ಬಿಸಿಲಿಗೆ ತಡೆಯಲ್ಲ ಸಾರ್’ ಎನ್ನುವ ಮೆಕ್ಯಾನಿಕ್ ಮಾತಿಗೆ ಬೆಚ್ಚಬೇಡಿ. ಇಂಜಿನ್ ಕಾದಾಗ 5ಡಬ್ಲ್ಯೂ-40 ಮತ್ತು 20ಡಬ್ಲ್ಯೂ-40 ಎರಡೂ ಒಂದೇ ಗ್ರೇಡು.

ಆದರೂ ಕೊನೆಯ ಮಾತು ವಾಹನದ ಕೈಪಿಡಿಯದ್ದೇ. ಅದು ಒಪ್ಪುವ ಗ್ರೇಡ್‌ಗಳಲ್ಲಿ ಮೊದಲ ಅಂಕಿ ಚಿಕ್ಕದಿರುವುದನ್ನು ಆರಿಸಿ, ಹೊರಡುವ ಮೊದಲೇ ಬದಲಿಸಿ. ಬೈಕಿನವರು ರಾಣಿಗಂಜ್ ಅಂಗಡಿಗಳಲ್ಲಿ ಕೇಳುವಾಗ ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತು ಹುಡುಕಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಆಯಿಲ್‌ ಜೊತೆಗೇ ರೇಡಿಯೇಟರ್ ಪರೀಕ್ಷಿಸಿ. ನಮ್ಮಲ್ಲಿ ಕೂಲೆಂಟ್ ಬದಲು ನಲ್ಲಿ ನೀರು ತುಂಬಿಸುವ ಚಾಳಿಯುಂಟು. ಅಲ್ಲಿ ಅದು ಹೆಪ್ಪುಗಟ್ಟಿ ಇಂಜಿನ್ ಬ್ಲಾಕನ್ನೇ ಸೀಳಬಲ್ಲದು. ಡೀಸೆಲ್ ವಾಹನವಾದರೆ ಬಯಲುಸೀಮೆಯ ಡೀಸೆಲ್ ಟ್ಯಾಂಕಿನಲ್ಲೇ ಮೇಣಗಟ್ಟುತ್ತದೆ. ಇಂಡಿಯನ್ ಆಯಿಲ್ 2019ರಿಂದ ಲಡಾಖ್‌ಗೆ ಕೊಡುತ್ತಿರುವ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ; ಸಿಕ್ಕಲ್ಲಿ ಅದನ್ನೇ ತುಂಬಿಸಿ.

ಅಲ್ಲಿ ಬೆಳಗ್ಗೆ ಸ್ಟಾರ್ಟರನ್ನು ಐದಾರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಸ್ಟಾರ್ಟ್ ಆದೊಡನೆ ರೇಸ್ ಮಾಡದೆ, ಒಂದು ನಿಮಿಷ ಬಿಟ್ಟು ನಿಧಾನವಾಗಿ ಹೊರಡಿ. ಇಂಜಿನ್ ಕೆಳಗೆ ಬೆಂಕಿ ಹಾಕುವವರನ್ನು ಕಂಡರೆ ಅನುಕರಿಸಬೇಡಿ.

ಊರಿಗೆ ಮರಳಿದ ಮೇಲೆ ಆಯಿಲ್ ತೆಗೆಸುವ ಅವಸರವಿಲ್ಲ. ಕೈಪಿಡಿ ಒಪ್ಪಿದ ಗ್ರೇಡಾದರೆ ಮುಂದಿನ ಸರ್ವೀಸ್‌ವರೆಗೂ ನಡೆಯುತ್ತದೆ.