ಸಭೆಯಲ್ಲಿ ಚಿತ್ರ ಮತ್ತು ಮಾತು

ಮಾತು ಕಿವಿಯ ಮೂಲಕವೂ ಚಿತ್ರ ಕಣ್ಣಿನ ಮೂಲಕವೂ ಮನಸ್ಸನ್ನು ಸೇರುತ್ತವೆ. ಎರಡೂ ಒಂದೇ ಅರ್ಥವನ್ನು ಹೊತ್ತು ಬಂದಾಗ ವಿಷಯ ಸ್ಪಷ್ಟವಾಗುತ್ತದೆ. ಬೇರೆ ಬೇರೆ ಅರ್ಥವನ್ನು ಹೊತ್ತು ಬಂದಾಗ ಎರಡೂ ವ್ಯರ್ಥವಾಗುತ್ತವೆ. ಹೊಳಲ್ಕೆರೆಯ ಅಡಿಕೆ ಬೆಳೆಗಾರರ ಸಭೆಯಾಗಲಿ, ಹೊಸದುರ್ಗದ ತೆಂಗು ಬೆಳೆಗಾರರ ಸಭೆಯಾಗಲಿ, ವಿದ್ಯಾಸಂಸ್ಥೆಯೊಂದು ದಾನಿಗಳ ಮುಂದೆ ಆಯವ್ಯಯವನ್ನು ನಿವೇದಿಸುವ ಸಂದರ್ಭವಾಗಲಿ, ಇಂದು ಭಾಷಣದೊಡನೆ ನಕ್ಷೆಯೋ ಪ್ರೊಜೆಕ್ಟರಿನ ಪರದೆಯೋ ಇರುವುದು ವಾಡಿಕೆಯಾಗಿದೆ. ಈ ದೃಶ್ಯೋಪಕರಣಗಳು ಸಭೆಯ ಅಲಂಕಾರಕ್ಕಾಗಿ ಇರುವುವಲ್ಲ. ಸಭಿಕರು ಯೋಗ್ಯ ನಿರ್ಣಯಕ್ಕೆ ಬರಲು ನೆರವಾಗಬೇಕಾದವು. ಆದುದರಿಂದ ಅವುಗಳ ಬಳಕೆಯಲ್ಲಿ ಜಾಣ್ಮೆಗಿಂತ ಸತ್ಯನಿಷ್ಠೆಯೇ ಮೊದಲು ಬೇಕಾದ ಗುಣ.

ನಮ್ಮ ಜಿಲ್ಲೆಯದೇ ನಿದರ್ಶನವನ್ನು ತೆಗೆದುಕೊಳ್ಳೋಣ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ 130 ಅಡಿ. ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅಚ್ಚುಕಟ್ಟಿನ ರೈತರ ಸಭೆಯಲ್ಲಿ ಅಧಿಕಾರಿಯೊಬ್ಬರು ನೀರಿನ ಸ್ಥಿತಿಯನ್ನು ಕಂಬಚಿತ್ರದಿಂದ ವಿವರಿಸುತ್ತಾರೆಂದು ಭಾವಿಸೋಣ. ಮಟ್ಟ 110 ಅಡಿ ಇದೆ. ಕಂಬದ ಅಳತೆಯನ್ನು ಸೊನ್ನೆಯಿಂದ ಆರಂಭಿಸದೆ 100 ಅಡಿಯಿಂದ ಆರಂಭಿಸಿದರೆ, ಕಂಬದ ಮೂರನೆಯ ಒಂದು ಭಾಗ ಮಾತ್ರ ತುಂಬಿದಂತೆ ಕಂಡು ರೈತರು ಕಳವಳಗೊಳ್ಳುತ್ತಾರೆ. ಇನ್ನು ಮಟ್ಟ 65 ಅಡಿಗೆ ಇಳಿದಾಗ, ಸೊನ್ನೆಯಿಂದ ಬರೆದ ಕಂಬವೂ ಅರ್ಧ ತುಂಬಿದಂತೆ ತೋರಿ ಹುಸಿ ಭರವಸೆ ಕೊಡುತ್ತದೆ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ವಿಶಾಲ. ಆದ್ದರಿಂದ ಅರ್ಧ ಎತ್ತರದಲ್ಲಿ ಇರುವ ನೀರು ಅರ್ಧಕ್ಕಿಂತ ಬಹಳ ಕಡಿಮೆ. ಅದರಲ್ಲಿಯೂ ತಳದ ನೀರು ಕಾಲುವೆಗೆ ಏರದು. ಆ ಚಿತ್ರವನ್ನು ನಂಬಿ ಬೆಳೆ ಇಟ್ಟವನಿಗೆ ಆಗುವ ನಷ್ಟ ಚಿತ್ರ ಬರೆದವನದಲ್ಲ. ಇಲ್ಲಿ ತೋರಿಸಬೇಕಾದುದು ಅಡಿಯ ಲೆಕ್ಕವಲ್ಲ, ಕಾಲುವೆಗೆ ಬಿಡಬಹುದಾದ ನೀರಿನ ಪ್ರಮಾಣ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಚಿತ್ರ ನೋಡುವವನಿಗೆ ಹೇಗೋ ಹಾಗೆಯೇ ಬರೆಯುವವನಿಗೂ ಅನ್ವಯಿಸುತ್ತದೆ.

ಸಮರ್ಪಕವಾದ ಚಿತ್ರದ ಶಕ್ತಿಯೂ ಅಷ್ಟೇ ದೊಡ್ಡದು. 1907ರಿಂದ 2022ರವರೆಗೆ ಒಂದು ಉದ್ದ ಗೆರೆ ಎಳೆದು, ಜಲಾಶಯ ಕೋಡಿ ಬಿದ್ದ 1933 ಮತ್ತು 2022ರಲ್ಲಿ ಮಾತ್ರ ಎರಡು ಚುಕ್ಕೆ ಇಟ್ಟರೆ ಸಾಕು. ನಡುವಿನ 89 ವರ್ಷಗಳ ಬರಿದಾದ ಗೆರೆ, ನೀರನ್ನು ಏಕೆ ಮಿತವಾಗಿ ಬಳಸಬೇಕೆಂಬುದನ್ನು ದೀರ್ಘ ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತದೆ.

ಚಿತ್ರ ಮತ್ತು ಮಾತುಗಳ ಹೊಂದಾಣಿಕೆಯನ್ನು ನಮ್ಮ ತೊಗಲುಗೊಂಬೆ ಆಟದಿಂದ ಕಲಿಯಬಹುದು. ಪರದೆಯ ಮೇಲೆ ಹಲವು ಗೊಂಬೆಗಳಿದ್ದರೂ ಮಾತನಾಡುವ ಗೊಂಬೆ ಅಲುಗುತ್ತದೆ, ಉಳಿದವು ನಿಶ್ಚಲವಾಗಿರುತ್ತವೆ. ನೋಟಕ್ಕೂ ಮಾತಿಗೂ ಎಲ್ಲಿಯೂ ಬಿರುಕಿಲ್ಲ. ಸಭೆಯಲ್ಲಿ ಮಾತನಾಡುವವರೂ ಇದೇ ಕ್ರಮವನ್ನು ಅನುಸರಿಸಬೇಕು. ಒಂದು ಚಿತ್ರಕ್ಕೆ ಒಂದೇ ವಿಷಯವಿರಲಿ. ಅದರ ಮಾತು ಬಂದಾಗ ತೋರಿಸಿ, ಮುಗಿದಾಗ ಮರೆಮಾಡಬೇಕು. ಅಕ್ಷರಗಳು ಕೊನೆಯ ಸಾಲಿನವರಿಗೂ ಕಾಣಬೇಕು. ಸಭೆಗೆ ಮುಂಚೆ ಅಲ್ಲಿಗೇ ಹೋಗಿ ಕುಳಿತು ಪರೀಕ್ಷಿಸುವುದು ಉತ್ತಮ. ಅಂಕಿಗಳ ಪಕ್ಕದಲ್ಲಿ ಅಡಿ, ಕ್ವಿಂಟಾಲ್, ರೂಪಾಯಿ ಎಂದು ಮಾನವನ್ನೂ, ವರ್ಷವನ್ನೂ ನಮೂದಿಸಬೇಕು. ಪರದೆಯ ಮೇಲಿನ ವಾಕ್ಯಗಳನ್ನೇ ಗಟ್ಟಿಯಾಗಿ ಓದುವುದು ಸಭಿಕರಿಗೆ ಓದು ಬಾರದೆಂದು ತಿಳಿದಂತೆ. ಪರದೆಗೆ ಮುಖಮಾಡಿ ಜನಕ್ಕೆ ಬೆನ್ನು ತೋರಿಸಿ ಮಾತನಾಡುವುದೂ ಸಲ್ಲದು. ವಿದ್ಯುತ್ತು ಹೋದರೆ ತೂಗುಹಾಕಲು ಕಾಗದದ ನಕ್ಷೆಯೊಂದು ಕೈಯಲ್ಲಿರಲಿ.

ಅಧ್ಯಾಪಕ ಮಿತ್ರರು ಈ ಅಭ್ಯಾಸವನ್ನು ತರಗತಿಯಲ್ಲಿಯೇ ಬೆಳೆಸಬಹುದು. ಊರ ಕೆರೆಯ ನೀರನ್ನೋ ಶಾಲೆಯ ಹಾಜರಾತಿಯನ್ನೋ ವಿದ್ಯಾರ್ಥಿಗಳಿಂದ ಅಳೆಯಿಸಿ, ಚಿತ್ರಿಸಿ, ಸಹಪಾಠಿಗಳ ಮುಂದೆ ವಿವರಿಸಲು ಹೇಳಬೇಕು. ಅಳತೆ ಎಲ್ಲಿಂದ ಆರಂಭವಾಯಿತೆಂದು ಉಳಿದವರು ಪ್ರಶ್ನಿಸಬೇಕು. ಹೀಗೆ ಪ್ರಶ್ನಿಸಲು ಕಲಿತವರು ನಾಳೆ ಸಹಕಾರ ಸಂಘದಲ್ಲಿ ಕುಳಿತಾಗ ಮೋಸಹೋಗಲಾರರು. ವೇದಿಕೆಯ ಮೇಲೆ ನಿಂತಾಗ ಮೋಸಮಾಡಲಾರರು.